ಆಟಿಯಲ್ಲಿ ಕೊಂಡ ಗಾಡಿ

ನಾನು ಒಂದು ಕಾರು. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ, ಅರಿಶಿನ ಬಣ್ಣದ ಸ್ಪೋರ್ಟ್ಸ್ ಕಾರು. ನನ್ನನ್ನು ಕಂಡವರು ಮೊದಲು ಕೇಳುವುದು ಎಷ್ಟು ಸ್ಪೀಡು ಹೋಗುತ್ತದೆ ಎಂದು. ಆಮೇಲೆ ಕೇಳುವುದು, ಮಾರಿದರೆ ಎಷ್ಟು ಬರುತ್ತದೆ ಎಂದು. ಕೇಳಬೇಕಾದ ಪ್ರಶ್ನೆ ಇನ್ನೊಂದಿತ್ತು. ಅದನ್ನು ಕೇಳಿದವಳು ಒಬ್ಬಳೇ, ಪ್ರಮೀಳಾ. ಅವಳ ಅಂಗಳದ ಮೂಲೆಯಲ್ಲಿ ನಿಂತು ಈ ಕಥೆ ಹೇಳುತ್ತಿದ್ದೇನೆ. ತಣ್ಣಗೆ ಹೇಳುತ್ತೇನೆ ಎಂದುಕೊಳ್ಳಬೇಡಿ. ನನಗೆ ಸಿಟ್ಟು ಬಂದಿದೆ, ಬಂದು ವರ್ಷಗಳಾದವು, ಇನ್ನೂ ಇಳಿದಿಲ್ಲ.

ನಾನು ಹುಟ್ಟಿದ ಕಾರ್ಖಾನೆಯಲ್ಲಿ ಮನುಷ್ಯರ ಕೈಗಳಿಗಿಂತ ಯಂತ್ರಗಳ ಕೈಗಳೇ ಹೆಚ್ಚು. ಅವು ನನ್ನನ್ನು ಎತ್ತಿದವು, ಬೆಸೆದವು, ಬಣ್ಣದ ಮಳೆಯಲ್ಲಿ ತೋಯಿಸಿದವು. ಆದರೆ ನನ್ನ ಎದೆಯೊಳಗೆ ಎರಡು ಬಟ್ಟೆಯ ಚೀಲಗಳನ್ನು ಕೂರಿಸಿದ್ದು ಮನುಷ್ಯರ ಕೈ. ಒಂದು ಸ್ಟೀರಿಂಗಿನ ನಡುವೆ, ಇನ್ನೊಂದು ಎಡಗಡೆಯ ಡ್ಯಾಶ್‌ಬೋರ್ಡಿನ ಒಳಗೆ. ಹುಟ್ಟಲಿರುವ ಮಗುವಿಗೆ ಬಟ್ಟೆ ಮಡಿಸಿಡುವ ಹಾಗೆ, ಮಡಿಕೆಯ ಮೇಲೆ ಮಡಿಕೆ ಕೂರಿಸಿ, ಮೇಲೆ ಮುಚ್ಚಳ ಹಾಕಿದರು. ಜನ ಅದನ್ನು ಏರ್‌ಬ್ಯಾಗ್ ಎನ್ನುತ್ತಾರೆ. ಅದು ಬದುಕಿನಲ್ಲಿ ಒಂದೇ ಸಲ ಅರಳುತ್ತದೆ. ಅರಳದೆ ಇದ್ದರೆ ಎಲ್ಲರಿಗೂ ಒಳ್ಳೆಯದು. ಅರಳುವ ಹೊತ್ತು ಬಂದರೆ ಒಬ್ಬರ ಮುಖವನ್ನೂ ಎದೆಯನ್ನೂ ತನ್ನ ಮೇಲೆ ತಾಳಿಕೊಂಡು, ರೆಪ್ಪೆ ಬಡಿಯುವುದರೊಳಗೆ ತಾನು ಸತ್ತುಹೋಗುತ್ತದೆ. ನನ್ನ ಎಂಜಿನ್ನಿನ ಬಗ್ಗೆ ಎಲ್ಲರಿಗೂ ಹೆಮ್ಮೆ. ನನಗೆ ಹೆಮ್ಮೆ ಇದ್ದದ್ದು ಆ ಮಡಿಸಿದ ಬಟ್ಟೆಯ ಬಗ್ಗೆ.

ನನ್ನ ಮೊದಲ ಮನೆ ಮೂಲ್ಕಿಯಲ್ಲಿ. ಯಜಮಾನ ವಸಂತ ಬಂಗೇರ, ಮೀನುಗಾರಿಕೆಯ ದೋಣಿಗಳಿದ್ದವರು. ಹೆಂಡತಿ ಸುಜಯಾ. ಮಗಳು ಪ್ರಾಪ್ತಿ, ಮಗ ಪ್ರಥಮ್. ನನ್ನನ್ನು ತಂದ ದಿನ ನಾಲ್ಕು ಚಕ್ರಗಳ ಅಡಿಯಲ್ಲೂ ನಿಂಬೆಹಣ್ಣು ಇಟ್ಟರು, ನಾನು ಅವುಗಳನ್ನು ಅಪ್ಪಚ್ಚಿ ಮಾಡಿ ಮುಂದೆ ಹೋದೆ. ಮಕ್ಕಳು ಚಪ್ಪಾಳೆ ಹೊಡೆದರು. ಆಮೇಲೆ ಹಿಂದಿನ ಗಾಜಿನ ಮೇಲೆ ಬೆಳ್ಳಗಿನ ದೊಡ್ಡ ಅಕ್ಷರಗಳಲ್ಲಿ ಅವರಿಬ್ಬರ ಹೆಸರು ಅಂಟಿಸಿದರು: ಪ್ರಾಪ್ತಿ – ಪ್ರಥಮ್. ಸ್ಪೋರ್ಟ್ಸ್ ಕಾರಿಗೆ ಮಕ್ಕಳ ಹೆಸರು ಅಂಟಿಸಿದರೆ ಮೊಗ ಕೆಡುತ್ತದೆ ಎಂದು ಗೆಳೆಯರು ನಕ್ಕರು. ಬಂಗೇರರು ನಗಲಿಲ್ಲ. "ಕೆಟ್ರೆ ಕೆಡ್ಲಿ ಮಾರಾಯ, ನನ್ನ ಮಕ್ಕಳದ್ದಲ್ವಾ ಗಾಡಿ" ಎಂದರು. ಅವರು ನನ್ನನ್ನು ಮಾರಲೆಂದು ಕೊಂಡಿರಲಿಲ್ಲ. ಆಗ ನನಗೆ ಅದರ ಬೆಲೆ ತಿಳಿಯಲಿಲ್ಲ.

ಒಂದು ಸಂಜೆ ಹೆದ್ದಾರಿಯಲ್ಲಿ, ಹಿಂದೆ ಒಂದು ದೀಪವೂ ಇಲ್ಲದೆ ಲಾರಿಯೊಂದು ನಿಂತಿತ್ತು. ಬಂಗೇರರು ಬ್ರೇಕ್ ಒತ್ತಿದರು, ಸ್ಟೀರಿಂಗ್ ತಿರುಗಿಸಿದರು. ನನ್ನ ಮುಖ ಜಜ್ಜಿಹೋಯಿತು. ಆ ಕ್ಷಣದಲ್ಲಿ ನನ್ನೊಳಗಿನ ಎರಡೂ ಬಟ್ಟೆಗಳು ಅರಳಿದವು. ಎಡಗಡೆ ಕೂತಿದ್ದ ಸುಜಯಾಳ ಮುಖ ಅದರಲ್ಲಿ ಹೂತು, ಮೂಗಿನಿಂದ ಒಂದಿಷ್ಟು ರಕ್ತ ಬಂತು. ಅಷ್ಟೇ. ಅಷ್ಟೇ ಎಂದು ಹೇಳುವಾಗ ನನ್ನ ಕಬ್ಬಿಣವೂ ಮೆತ್ತಗಾಗುತ್ತದೆ.

ಅವಳಿಗೆ ಮತ್ತೆ ನನ್ನೊಳಗೆ ಕೂರುವ ಧೈರ್ಯ ಬರಲಿಲ್ಲ. ತಪ್ಪಲ್ಲ. ನನ್ನನ್ನು ಎಳೆದೊಯ್ಯುವ ದಿನ ಹತ್ತಿರ ಬಂದು, ಜೋತುಬಿದ್ದಿದ್ದ ಆ ಖಾಲಿ ಚೀಲವನ್ನು ಒಮ್ಮೆ ಮುಟ್ಟಿ ಹೋದಳು.

ಅಲ್ಲಿಂದ ನಾನು ಬಂದದ್ದು ಸುಧಾಕರನ ಕೈಗೆ. ಹೆದ್ದಾರಿಯ ಪಕ್ಕ ಹಳೆಯ ಕಾರುಗಳ ಅಂಗಳ ಇಟ್ಟುಕೊಂಡವನು. ನನ್ನ ಮುಖವನ್ನು ಬಡಿದು ಸರಿಮಾಡಿಸಿದ, ಬಣ್ಣ ಹೊಡೆಸಿದ. ಗಾಜಿನ ಮೇಲಿನ ಹೆಸರುಗಳನ್ನು ಬ್ಲೇಡಿನಿಂದ ಕೆರೆದು ತೆಗೆಸಿದ. ಅದನ್ನೆಲ್ಲ ನಾನು ಸಹಿಸಿಕೊಂಡೆ. ಮುಂದಿನದನ್ನು ಸಹಿಸಲಾಗಲಿಲ್ಲ.

ಸ್ಟೀರಿಂಗಿಗೆ ಎಲ್ಲಿಂದಲೋ ಇನ್ನೊಂದು ಕಾರಿನ ಏರ್‌ಬ್ಯಾಗ್ ತಂದು ಕೂರಿಸಿದ. ಕೊಳ್ಳುವವನು ಕೂರುವ ಜಾಗ ಅಲ್ಲವೆ? ಎಡಗಡೆ ಏನೂ ಹಾಕಲಿಲ್ಲ. ಆ ಪೊಳ್ಳು ಜಾಗದೊಳಗೆ, ಮುಚ್ಚಳ ಗಡಗಡ ಅನ್ನದಿರಲಿ ಎಂದು, ಕೆಲಸದವರು ಕೈ ಒರೆಸುತ್ತಿದ್ದ ಒಂದು ಹಳೆಯ ಬನಿಯನ್ ತುರುಕಿದ. ಮೇಲೆ ಮುಚ್ಚಳ ಇಟ್ಟು ಗೋಂದು ಹಚ್ಚಿದ. ಏರ್‌ಬ್ಯಾಗ್ ಇಲ್ಲ ಎಂದು ಕೆಂಪಗೆ ಉರಿದು ಹೇಳಬೇಕಾದ ನನ್ನ ದೀಪದ ಬಾಯನ್ನೂ ಕಟ್ಟಿದ. ಎಡಗಡೆ ಕೂರುವವರು ಯಾರು? ಹೆಂಡತಿ. ಅಮ್ಮ. ಅಕ್ಕ. ಅವರು ಕಾರಿನ ಬಣ್ಣ ನೋಡುತ್ತಾರೆ, ಸೀಟಿನ ಮೆತ್ತೆ ನೋಡುತ್ತಾರೆ ಎಂಬುದು ಅವನ ಲೆಕ್ಕ.

ಆಮೇಲೆ ನನಗೊಂದು ಹೊಸ ಹುಟ್ಟನ್ನೂ ಕೊಟ್ಟ. ಬಂದವರಿಗೆಲ್ಲ ನನ್ನ ಬಾನೆಟ್ ತಟ್ಟಿ, "ಡಾಕ್ಟರ್ ಗಾಡಿ ಇದು. ಮಣಿಪಾಲದ ಡಾಕ್ಟ್ರು. ಮದುವೆ ಇಲ್ಲ, ಮಕ್ಕಳಿಲ್ಲ, ಆಸ್ಪತ್ರೆಗೆ ಹೋಗಿ ಬರ್ಲಿಕ್ಕೆ ಮಾತ್ರ ಓಡಿಸಿದ್ದು" ಎನ್ನುತ್ತಿದ್ದ. ಹಳೆಯ ಕಾರಿನ ಸಂತೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆ ಅಂಗಳದಲ್ಲಿ ನಿಂತಿದ್ದ ಅರ್ಧದಷ್ಟು ಕಾರುಗಳು ಡಾಕ್ಟರ್ ಗಾಡಿಗಳೇ. ಇಷ್ಟು ಡಾಕ್ಟರುಗಳು ಕಾರು ಮಾರುತ್ತ ಕೂತಿದ್ದರೆ ರೋಗಿಗಳನ್ನು ನೋಡಿದವರು ಯಾರೋ!

ಹಾಗೆ ಶುರುವಾಯಿತು ನನ್ನ ತಿರುಗಾಟ. ಒಬ್ಬ ನನ್ನನ್ನು ಮದುವೆಯ ಹಂಗಾಮಿಗೆ ಮಾತ್ರ ಇಟ್ಟುಕೊಂಡ, ಮದುಮಕ್ಕಳನ್ನು ಕೂರಿಸಿ ಮೆರೆಸಿ, ಹಂಗಾಮು ಮುಗಿದೊಡನೆ ದಾಟಿಸಿದ. ಇನ್ನೊಬ್ಬ ಕಡಲ ತೀರದಲ್ಲಿ ನಿಲ್ಲಿಸಿ ಫೋಟೊ ತೆಗೆಸಿಕೊಂಡು, ಉಪ್ಪುಗಾಳಿಯನ್ನು ತೊಳೆಯದೆ ಹಾಗೆಯೇ ಮಾರಿದ. ಪ್ರತಿ ಸಲವೂ ನಿಂಬೆಹಣ್ಣು, ಪ್ರತಿ ಸಲವೂ ಕುಂಕುಮ, ಪ್ರತಿ ಸಲವೂ "ಹೊಸ ಗಾಡಿ". ನಿಂಬೆಹಣ್ಣಿನ ಮೇಲೆ ಹತ್ತುವಾಗ ನನಗೆ ನಾಚಿಕೆಯಾಗುತ್ತಿತ್ತು. ಇಟ್ಟುಕೊಳ್ಳುವ ಮನಸ್ಸಿಲ್ಲದವರು ಪೂಜೆ ಯಾಕೆ ಮಾಡುತ್ತಾರೆ? ಯಾರೂ ನನ್ನ ಎಡಗಡೆಯ ಮುಚ್ಚಳದ ಮೇಲೆ ಬೆರಳಿಟ್ಟು ನೋಡಲಿಲ್ಲ. ಬೇಗ ಮಾರುವ ವಸ್ತುವಿನ ಒಳಗೆ ಏನಿದೆ ಎಂದು ನೋಡುವ ವ್ಯವಧಾನ ಯಾರಿಗಿರುತ್ತದೆ? ಕೊನೆಗೆ ಸುತ್ತಿ ಸುತ್ತಿ ಮತ್ತೆ ಸುಧಾಕರನ ಅಂಗಳಕ್ಕೇ ಬಂದು ನಿಂತೆ.

ದಯಾಕರ ಬಂದದ್ದು ಆಟಿ ತಿಂಗಳಲ್ಲಿ. ಕರಾವಳಿಯಲ್ಲಿ ಆಟಿ ಎಂದರೆ ಮಳೆ ಹಿಡಿದು ಬಡಿಯುವ ಕಾಲ. ಮುಂದಿನ ಸೋಣ ತಿಂಗಳು ಬರುವವರೆಗೆ ಶುಭಕಾರ್ಯ ಮಾಡುವುದಿಲ್ಲ, ಹೊಸದನ್ನು ಮನೆಗೆ ತರುವುದಿಲ್ಲ. ಕಾರು ಮಾರುವವರು ಬಾಗಿಲು ತೆರೆದು ನೊಣ ಹೊಡೆಯುತ್ತಾರೆ. ಸುರತ್ಕಲ್ಲಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ದಯಾಕರನಿಗೆ ಅದೇ ಬೇಕಾಗಿತ್ತು. ಅವನು ಪ್ರತಿ ಆಟಿಯಲ್ಲಿ ಇಂಥದೊಂದು ಕಾರನ್ನು ಕಡಿಮೆಗೆ ಹೊಡೆದು, ಮಳೆ ಬಿಟ್ಟ ಮೇಲೆ ಚೆನ್ನಾಗಿ ಓಡಿಸಿ ಆಸೆ ತೀರಿಸಿಕೊಂಡು, ಡಿಸೆಂಬರಿನಲ್ಲಿ ದುಬೈ, ಮಸ್ಕತ್ತಿನಿಂದ ರಜೆಗೆ ಬರುವವರಿಗೆ ಮಾರುತ್ತಿದ್ದ. ಚಟವೂ ಹೌದು, ವ್ಯಾಪಾರವೂ ಹೌದು.

ಸುಧಾಕರ ಹಳೆಯ ಗಿರಾಕಿಗೆ ಸುಳ್ಳು ಹೇಳಲಿಲ್ಲ. ನನ್ನ ಪಕ್ಕದಲ್ಲೇ ನಿಂತು ದನಿ ತಗ್ಗಿಸಿದ. "ದಯಣ್ಣ, ನಿಮ್ಮತ್ರ ಎಂತ ಮುಚ್ಚುಮರೆ. ಎಡ ಬದಿದು ಏರ್‌ಬ್ಯಾಗ್ ಇಲ್ಲ. ನಿಮ್ಮ ಬದಿದು ಸರಿ ಉಂಟು. ನಾಲ್ಕು ತಿಂಗಳಿಗೆ ಎಂತಕ್ಕೆ ನಿಮಗೆ ಅದು?"

ದಯಾಕರ ಬಗ್ಗಿ ಒಂದು ಗಳಿಗೆ ಎಡಗಡೆಯ ಸೀಟು ನೋಡಿದ. ಆ ಒಂದು ಗಳಿಗೆ ನಾನು ಉಸಿರು ಹಿಡಿದು ಕಾದೆ. ಆಮೇಲೆ ಅವನು ನಕ್ಕ. "ನಾನೇನು ಗುದ್ಲಿಕ್ಕೆ ತಗೊಳ್ಳುವುದಾ? ನಾಲ್ಕು ತಿಂಗಳಿಗೆ ಸಾಕು ಬಿಡು."

ನಾಲ್ಕು ತಿಂಗಳಿಗೆ ಸಾಕು. ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತುಕ್ಕು ಹಿಡಿದಿದೆ.

ಮನೆಗೆ ಬಂದಾಗ ಅವನ ತಾಯಿ ಜಲಜಮ್ಮ ಜಗಲಿಯಿಂದ ಇಳಿಯಲೇ ಇಲ್ಲ. "ಈ ವರ್ಷವೂ ಶುರುವಾ ನಿಂದು? ಆಟಿಯಲ್ಲಿ ಯಾರಾದ್ರೂ ಗಾಡಿ ತರ್ತಾರಾ ಮಗಾ? ಹಿಂದೆ ಕೊಂಡೋಗು ಅದನ್ನು."

"ಆಟಿಯಾದ ಕಾರಣವೇ ಸಿಕ್ಕಿದ್ದಮ್ಮಾ ಇಷ್ಟಕ್ಕೆ. ಸೋಣ ಬಂದ ಮೇಲೆ ಪೂಜೆ ಮಾಡಿಸುವ, ಅಲ್ಲಿವರೆಗೆ ಗಾಡಿ ಬರ್ಲೇ ಇಲ್ಲ ಅಂತ ತಿಳ್ಕೊಳ್ಳಿ."

"ಗೇಟು ತುಂಬ ಹಳದಿ ಹಳದಿ ಕಾಣ್ತಾ ಉಂಟು, ಬರ್ಲಿಲ್ಲ ಅಂತ ಹೇಗೆ ತಿಳ್ಕೊಳ್ಳುವುದು?"

ಒಳಗಿನಿಂದ ಕೈ ಒರೆಸುತ್ತ ಬಂದ ಸೊಸೆ ಪ್ರಮೀಳಾ ನಕ್ಕಳು. ನಾನು ಅವಳನ್ನು ಮೊದಲು ಕಂಡದ್ದು ಹಾಗೆ, ಕೆಳಗಿನಿಂದ: ಒದ್ದೆ ಪಾದ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಅವಳ ಹಿಂದೆ ಒಂದನೇ ತರಗತಿಯ ಮಗಳು ಇಂಚರ. ಪ್ರಮೀಳಾ ನನ್ನನ್ನು ಒಂದು ಸುತ್ತು ಹಾಕಿ ಗಂಡನಿಗೆ, "ನಿಮ್ಮ ಹೊಸ ಹೆಂಡತಿ ಚಂದ ಉಂಟು. ಡಿಸೆಂಬರ್‌ವರೆಗೆ ತಾನೆ, ಸಹಿಸಿಕೊಳ್ತೇನೆ" ಎಂದಳು.

ಅವಳು ದಿನವೂ ಎಡಗಡೆ ಕೂತಳು. ಮಗಳನ್ನು ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಬೆಲ್ಟ್ ಕುತ್ತಿಗೆಗೆ ಒತ್ತದಿರಲೆಂದು ಕರ್ಚೀಫು ಮಡಿಸಿ ಇಟ್ಟು, ಆಮೇಲೆ ತಾನು ಮುಂದೆ ಬಂದು ಆ ಗೋಂದು ಹಚ್ಚಿದ ಮುಚ್ಚಳದ ಎದುರು ಕೂರುತ್ತಿದ್ದಳು. ಮಗಳ ಕುತ್ತಿಗೆಯ ಮೇಲಿನ ಗೆರೆ ಕೂಡ ಕಾಣುವ ಕಣ್ಣು ಅವಳದು. ತನ್ನ ಎದುರಿಗೇ ಇದ್ದದ್ದು ಅವಳಿಗೆ ಹೇಗೆ ಕಂಡೀತು? ಹೇಳಬೇಕಾದವನು ಪಕ್ಕದಲ್ಲೇ ಕೂತು ಹಾಡು ಕೇಳುತ್ತಿದ್ದ. ನಾನು ನಡುಗಿದೆ, ಕೆಮ್ಮಿದೆ, ಒಂದು ದಿನ ಸ್ಟಾರ್ಟ್ ಆಗದೆ ಹಟ ಮಾಡಿದೆ. ಬ್ಯಾಟರಿ ಬದಲಿಸಿದರು.

ನನ್ನ ಬಾಯಿ ಕಟ್ಟಿದ್ದರೂ ಒಂದು ಜಾಗ ಅವರಿಗೆ ಮರೆತುಹೋಗಿತ್ತು. ಒಳಗೆ ಎಸಿಯ ತಂಪು, ಹೊರಗೆ ಆಟಿಯ ಬಿಸಿಯುಸಿರಿನಂಥ ತೇವ. ಹಾಗೆ ಆದಾಗ ನನ್ನ ಹಿಂದಿನ ಗಾಜಿನ ಹೊರಮೈ ಬೆಳ್ಳಗೆ ಮಂಜಾಗುತ್ತದೆ. ಸ್ಟಿಕರ್ ಕೆರೆದು ತೆಗೆದರೂ ಅದು ವರ್ಷಗಟ್ಟಲೆ ಮುಚ್ಚಿದ್ದ ಜಾಗಕ್ಕೆ ಮಂಜು ಬೇರೆ ರೀತಿ ಹಿಡಿಯುತ್ತದೆ. ಒಂದು ದಿನ ಶಾಲೆಯಿಂದ ಬಂದು ಇಳಿದ ಇಂಚರ ಗಾಜಿನ ಮೇಲೆ ಬೆರಳಿನಿಂದ ಬೆಕ್ಕು ಬರೆಯಲು ಹೋಗಿ ನಿಂತುಬಿಟ್ಟಳು.

"ಅಮ್ಮಾ, ಇಲ್ಲಿ ಯಾರೋ ಬರೆದಿದ್ದಾರೆ. ಪ್ರಾ... ಪ... ಇದೆಂತ ಕೆಳಗೆ?"

"ಪ-ಕ್ಕೆ ತ ಒತ್ತು. ಪ್ತಿ. ಪ್ರಾಪ್ತಿ." ಪ್ರಮೀಳಾ ಕೊಡೆ ಹಿಡಿದುಕೊಂಡು ಬಗ್ಗಿ ಓದಿದಳು. "ಪ್ರಥಮ್." ಗಂಡನ ಕಡೆ ತಿರುಗಿದಳು. "ಡಾಕ್ಟ್ರಿಗೆ ಮದುವೆಯೇ ಇಲ್ಲ ಅಂದ್ರಲ್ಲ ನೀವು? ಇದು ಯಾರ ಮಕ್ಕಳು?"

ದಯಾಕರ ತಡವರಿಸಲಿಲ್ಲ. "ತಂಗಿ ಮಕ್ಕಳದ್ದಿರ್ಬೇಕು. ಸೋದರಮಾವ ಅಲ್ವಾ, ಮದುವೆ ಇಲ್ಲದವ ಬೇರೆ ಯಾರ ಹೆಸ್ರು ಹಾಕಿಸುವುದು?"

ನಮ್ಮ ಕಡೆ ಇದಕ್ಕೆ ಎದುರು ಮಾತಿಲ್ಲ. ಇಲ್ಲಿ ಸೋದರಮಾವನ ಪ್ರೀತಿ ಎಂದರೆ ಯಾರೂ ಅನುಮಾನ ಪಡುವುದಿಲ್ಲ. ಪ್ರಮೀಳಾ "ಪಾಪ, ಒಳ್ಳೆಯವರು" ಎಂದು ಇಲ್ಲದ ಡಾಕ್ಟರಿಗೆ ಮರುಗಿ ಒಳಗೆ ಹೋದಳು. ನಾನು ಮಂಜಿನೊಳಗೆ ನಿಂತು ಕುದ್ದೆ.

ಆಟಿ ಹೋಯಿತು, ಸೋಣ ಹೋಯಿತು. ದೀಪಾವಳಿ ಕಳೆದು ಮೂಲ್ಕಿಯ ಒಂದು ಸಭಾಭವನದಲ್ಲಿ ಮದುವೆ. ಊಟ ಮುಗಿಸಿ ಹೊರಡುವಾಗ ಅಕಾಲ ಮಳೆ ಸುರಿದು ನಿಂತಿತ್ತು. ದಯಾಕರ ಎಸಿ ಹಾಕಿ ಕಾಯುತ್ತ ಕೂತಿದ್ದ, ನನ್ನ ಗಾಜು ಬೆಳ್ಳಗಾಗಿತ್ತು. ಆಗ ಲಂಗ ಎತ್ತಿ ಹಿಡಿದು ನೀರು ದಾಟುತ್ತಿದ್ದ ಎತ್ತರದ ಹುಡುಗಿಯೊಬ್ಬಳು ಕೂಗಿದಳು: "ಅಮ್ಮಾ! ನಮ್ಮ ಗಾಡಿ! ನನ್ನ ಹೆಸ್ರುಂಟು ನೋಡಿ!"

ಪ್ರಾಪ್ತಿ. ಎಷ್ಟು ಬೆಳೆದಿದ್ದಾಳೆ! ಅವಳ ಹಿಂದೆ ಸುಜಯಾ. ಮಗಳನ್ನು ಹಿಂದೆ ಕೂರಿಸಿ ತಾನು ಹತ್ತಲಿದ್ದ ಪ್ರಮೀಳಾ ನಿಂತಳು.

ಸುಜಯಾ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಚಾವಣಿಯನ್ನು ಸವರಿದಳು. "ತಪ್ಪು ತಿಳ್ಕೊಳ್ಬೇಡಿ ಅಕ್ಕ. ಈ ಗಾಡಿ ನಮ್ಮದಿತ್ತು. ಲಾರಿಗೆ ಗುದ್ದಿ ಮುಂದೆ ಎಲ್ಲ ಪುಡಿಯಾಗಿತ್ತು. ನೀವು ಕೂರ್ತೀರಲ್ಲ, ನಾನು ಅಲ್ಲೇ ಕೂತದ್ದು. ಏರ್‌ಬ್ಯಾಗ್ ಒಂದು ಇಲ್ಲದಿದ್ರೆ ಇವತ್ತು ಇವಳಿಗೆ ಅಮ್ಮ ಇರ್ತಿರ್ಲಿಲ್ಲ." ಮೂಗು ಒರೆಸಿಕೊಂಡು, ಏನೂ ಅರಿಯದೆ ಕೇಳಿದಳು: "ಹೊಸದು ಹಾಕಿಸಿದ್ದೀರಲ್ಲ?"

ಪ್ರಮೀಳಾ ಗಂಡನ ಕಡೆ ನೋಡಿದಳು. ದಯಾಕರ ಸ್ಟೀರಿಂಗಿನ ಬಳಿ ತೂಗುತ್ತಿದ್ದ ಕೀಲಿಗೊಂಚಲಿನ ಉಂಗುರ ತಿರುಗಿಸುತ್ತಿದ್ದ. ಆ ತಿರುಗುವಿಕೆಯಲ್ಲಿ ಅವಳಿಗೆ ಎಲ್ಲ ಗೊತ್ತಾಯಿತು. ಆದರೂ ಸುಜಯಾಳ ಕೈ ಹಿಡಿದು ಮೆಲ್ಲಗೆ ಬೀಳ್ಕೊಟ್ಟಳು. ಆಮೇಲೆ ಕಿಟಕಿಗೆ ಬಗ್ಗಿದಳು.

"ನನ್ನ ಬದಿಗೆ ಇಲ್ವಾ?"

"ಅದು... ನಾಲ್ಕು ತಿಂಗಳಿಗೆ ತಾನೆ ಅಂತ—"

"ನಿಮ್ಮ ಬದಿಗೆ?"

ದಯಾಕರನ ಕಣ್ಣು ಸ್ಟೀರಿಂಗಿನ ನಡುವಿಗೆ ಹೋಯಿತು.

"ನಿಮ್ಮ ಬದಿಗೆ ಉಂಟಲ್ಲ?"

ಇದೇ ಆ ಪ್ರಶ್ನೆ. ಹೀಗೊಂದು ಪ್ರಶ್ನೆ ಲೋಕದಲ್ಲಿದೆ ಎಂಬುದೇ ನನ್ನನ್ನು ಕೊಂಡ ಗಂಡಸರಿಗೆ ಹೊಳೆದಿರಲಿಲ್ಲ.

ಅವಳು ಕೂಗಾಡಲಿಲ್ಲ. ಹಿಂದಿನ ಸೀಟಿನಿಂದ ಮಗಳನ್ನು ಇಳಿಸಿದಳು. ಮದುವೆಯ ಸೀರೆಯಲ್ಲೇ, ತಾಂಬೂಲದ ತೆಂಗಿನಕಾಯಿ ಕಂಕುಳಲ್ಲಿ ಹಿಡಿದು, ರಸ್ತೆಗೆ ನಡೆದು ಕೈ ತೋರಿಸಿ ಬಸ್ಸು ಹತ್ತಿದಳು. ದಯಾಕರ ನನ್ನನ್ನು ಅದರ ಬೆನ್ನಿಗೆ ಓಡಿಸಿದ. ಬಸ್ಸು ನಿಂತಲ್ಲೆಲ್ಲ ನಾವೂ ನಿಂತೆವು. ಮೀನಿನ ಬುಟ್ಟಿಯವರು ಇಳಿದರು, ಕಾಲೇಜಿನವರು ಹತ್ತಿದರು, ಕಂಡಕ್ಟರ್ ನಮ್ಮನ್ನು ನೋಡಿ "ಓವರ್‌ಟೇಕ್ ಮಾಡು ಮಾರಾಯ, ಅದು ಸ್ಪೋರ್ಟ್ಸ್ ಕಾರಲ್ವಾ" ಎಂದು ನಕ್ಕ. ಸುರತ್ಕಲ್‌ವರೆಗೂ ಹಾಗೆಯೇ ಹೋದೆವು. ಬಸ್ಸಿನ ಹಿಂದಿನ ಕಿಟಕಿಯಿಂದ ಇಂಚರ ನನಗೆ ಕೈ ಬೀಸುತ್ತಿದ್ದಳು. ಪ್ರಮೀಳಾ ಒಮ್ಮೆಯೂ ತಿರುಗಲಿಲ್ಲ.

ಮನೆಯಲ್ಲಿ ದಯಾಕರ ತಪ್ಪಾಯಿತು ಎಂದ. ಹೊಸದು ಹಾಕಿಸಿಯೇ ಮಾರುತ್ತೇನೆ ಎಂದ. ಪ್ರಮೀಳಾ ನಂಬಿ ಕಾದಳು. ಕಾಯುವುದು ಅವಳಿಗೆ ಬರುತ್ತದೆ. ನಾಳೆ ಎಂದ, ಸೋಮವಾರ ಎಂದ, ಸಾಮಾನು ಬಂದಿಲ್ಲ ಎಂದ. ನನ್ನ ಮುಚ್ಚಳವನ್ನು ಯಾರೂ ತೆರೆಯಲಿಲ್ಲ. ಡಿಸೆಂಬರ್ ಬಂತು.

ಭಾನುವಾರ ಬೆಳಿಗ್ಗೆ ಸುಧಾಕರ ಗಿರಾಕಿಯನ್ನು ಕರೆತಂದ. ದುಬೈಯಿಂದ ಬಂದ ಯತಿರಾಜ ಎಂಬ ಹುಡುಗ, ಜೊತೆಗೆ ಹೆಂಡತಿ ನಿಖಿತಾ. ಅವಳು ಬಯಕೆಯ ಶಾಸ್ತ್ರಕ್ಕೆ ಊರಿಗೆ ಬಂದ ಬಸುರಿ. ಬಳೆ ತುಂಬಿದ ಕೈಯನ್ನು ಹೊಟ್ಟೆಯ ಮೇಲಿಟ್ಟು ನಗುನಗುತ್ತ ನನ್ನನ್ನು ನೋಡಿದಳು.

"ಡಾಕ್ಟರ್ ಗಾಡಿ" ಎಂದ ಸುಧಾಕರ.

"ರಜೆ ಇರುವಷ್ಟು ದಿನ ಓಡಿಸಿ, ಹೋಗುವಾಗ ನಿಮಗೇ ಕೊಟ್ಟು ಹೋಗ್ತೇನೆ" ಎಂದ ಯತಿರಾಜ. ನಾಲ್ಕು ತಿಂಗಳೂ ಅಲ್ಲ, ಒಂದೇ ತಿಂಗಳು! "ನಿಖ್ಖಿ, ಕೂತು ನೋಡು."

"ಕೂರ್ಲಿಕ್ಕೆ ಕೂರ್ತೇನೆ, ಏಳ್ಲಿಕ್ಕೆ ಕ್ರೇನ್ ತರ್ತೀರಾ?" ಎನ್ನುತ್ತ ಅವಳು ಬಾಗಿಲು ಹಿಡಿದು, ಬಗ್ಗಿ, ಉಸ್ಸೆಂದು ನನ್ನ ಎಡಗಡೆಯಲ್ಲಿ ಕೂತಳು. ಅವಳ ಹೊಟ್ಟೆಯ ಎದುರಿಗೆ ಆ ಬನಿಯನ್.

ನನ್ನ ಬದುಕಿನಲ್ಲಿ ಆ ಗಳಿಗೆಯಷ್ಟು ಸಿಟ್ಟು ನನಗೆ ಎಂದೂ ಬಂದಿಲ್ಲ. ಎಂಜಿನ್ ಆರಿತ್ತು. ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ದೀಪದ ಬಾಯಿ ಕಟ್ಟಿದ್ದರು. ಮಂಜಿಲ್ಲದ ಒಣ ಬಿಸಿಲು, ಗಾಜಿನ ಮೇಲೂ ಒಂದಕ್ಷರವಿಲ್ಲ.

ಪ್ರಮೀಳಾ ಶರಬತ್ತಿನ ಲೋಟಗಳ ತಟ್ಟೆ ಹಿಡಿದು ಬಂದಳು. ಎಲ್ಲರಿಗೂ ಕೊಟ್ಟಳು, ಸುಧಾಕರನಿಗೂ. ತಟ್ಟೆಯ ಮೇಲೆ ನಿಂಬೆ ಕೊಯ್ದ ಚೂರಿ ಇತ್ತು. ಅದನ್ನು ತೆಗೆದುಕೊಂಡು, ನಿಖಿತಾಳ ಬದಿಗೆ ಬಂದು, "ಒಂಚೂರು ಹಿಂದಕ್ಕೆ ಒರಗಮ್ಮ" ಎಂದಳು. ನಿಖಿತಾ ಏನೋ ಒರೆಸಲು ಬಂದಿದ್ದಾರೆಂದು ಒರಗಿದಳು.

"ಪ್ರಮೀಳಾ!" ಎಂದ ದಯಾಕರ.

ಚೂರಿಯ ತುದಿ ಮುಚ್ಚಳದ ಅಂಚಿನಲ್ಲಿ ಇಳಿಯಿತು. ಅವಳು ಹಲಸಿನಕಾಯಿ ಬಿಡಿಸುವವಳ ಹಾಗೆ ಅವಸರವಿಲ್ಲದೆ ಅಂಚಿನುದ್ದಕ್ಕೂ ಎಳೆದಳು. ಗೋಂದು ಟರ್‍ರೆಂದು ಬಿಟ್ಟಿತು. ಕೈ ಹಾಕಿ ಎಳೆದಳು. ಬಂತು. ಎಣ್ಣೆಯ ಕಲೆಗಳ, ತೋಳು ಹರಿದ ಬನಿಯನ್. ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು.

"ಗುದ್ದಿದ್ರೆ ಇದು ಹಿಡಿಯುತ್ತದೆ ನಿನ್ನನ್ನು. ನಾನು ಇಷ್ಟು ದಿನ ಇದರ ಎದುರಿಗೇ ಕೂತದ್ದು. ನನ್ನ ಮಗಳು ಹಿಂದೆ ಕೂತು ಪದ್ಯ ಹೇಳ್ತಿದ್ಲು."

ನಿಖಿತಾ ಇಳಿದಳು. ಕ್ರೇನ್ ಬೇಕಾಗಲಿಲ್ಲ. ಯತಿರಾಜ ಶರಬತ್ತಿನ ಲೋಟವನ್ನು ಹಾಗೆಯೇ ನೆಲದ ಮೇಲಿಟ್ಟು ಹೆಂಡತಿಯ ತೋಳು ಹಿಡಿದು ಗೇಟು ದಾಟಿದ.

"ಎಂತ ಮಾಡಿದ್ದು ಗೊತ್ತುಂಟಾ ಅಕ್ಕ ನೀವು?" ಸುಧಾಕರನ ಮುಖ ಕಪ್ಪಿಟ್ಟಿತ್ತು. "ಇಡೀ ಊರಿಗೆ ಸುದ್ದಿಯಾಗ್ತದೆ. ಇನ್ನು ಇದನ್ನು ಯಾರು ತಗೊಳ್ತಾರೆ?"

"ತಗೊಳ್ಳುವುದು ಬೇಡ. ಇಲ್ಲೇ ಇರ್ಲಿ." ಪ್ರಮೀಳಾ ಅವನ ಕೈಯಿಂದ ಲೋಟ ತೆಗೆದುಕೊಂಡಳು. "ನೀವು ಕುಡಿದಾಯ್ತಲ್ಲ, ಹೊರಡಿ."

ಜಗಲಿಯಿಂದ ಜಲಜಮ್ಮ ಹೇಳಿದರು, "ನಾನು ಆವತ್ತೇ ಹೇಳಿದ್ದೆ, ಆಟಿಯಲ್ಲಿ ತರ್ಬೇಡ ಅಂತ."

"ಆಟಿಗೆ ಎಂತಕ್ಕೆ ಬೈತೀರಿ ಅತ್ತೆ?" ಪ್ರಮೀಳಾ ಕೈಯ ಲೋಟವನ್ನು ಜಗಲಿಯ ಕಟ್ಟೆಯ ಮೇಲೆ ಕುಕ್ಕಿದಳು. "ತಿಂಗಳು ಪಾಪ, ಎಂತ ಮಾಡಿದೆ? ಗೊತ್ತಿದ್ದೂ ತಂದವರಿಗೆ ಹೇಳಿ."

ಜಲಜಮ್ಮ ಮಗನ ಕಡೆ ತಿರುಗಿ ನೋಡಿದರು. ದಯಾಕರ ಕೀಲಿಯನ್ನು ಜಗಲಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಅವನು ಬಹಳ ದಿನ ಅವಳ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ. ಮುಂದೆ ಅವನು ಆಟಿಯಲ್ಲಿ ಕಾರು ಕೊಳ್ಳುವುದನ್ನೂ ಬಿಟ್ಟ.

ಆಮೇಲೆ ನಾನು ಇಲ್ಲೇ ಉಳಿದೆ. ಮೊದಮೊದಲು ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಿದ್ದರು. ಈಗ ಅದೂ ಇಲ್ಲ. ಉಪ್ಪುಗಾಳಿ ನನ್ನ ಅರಿಶಿನವನ್ನು ತಿನ್ನುತ್ತಿದೆ. ಹೊಟ್ಟೆಯ ಕೆಳಗೆ ಕೋಳಿ ಮೊಟ್ಟೆ ಇಡುತ್ತದೆ. ಓಡಲೆಂದು ಹುಟ್ಟಿದವನಿಗೆ ಇದು ಬದುಕೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೂ ನನ್ನನ್ನು ಮಾರದೆ ಇಟ್ಟುಕೊಂಡ ಮನೆ ಇದೊಂದೇ. ಇವರು ನನ್ನನ್ನು ಇಟ್ಟುಕೊಂಡದ್ದು ನಿಜ ಹೇಳಿದ್ದರಿಂದ, ನಿಜ ಹೇಳಿದ ಮೇಲೆ ನನ್ನನ್ನು ಯಾರೂ ಕೊಳ್ಳಲಿಲ್ಲವಾದ್ದರಿಂದ. ಇದಕ್ಕೆ ನಗಬೇಕೋ ಹಲ್ಲು ಕಡಿಯಬೇಕೋ ನನಗೆ ಇನ್ನೂ ತಿಳಿದಿಲ್ಲ.

ಪ್ರತಿ ಆಟಿಯಲ್ಲಿ ಸುದ್ದಿ ತಿಳಿಯದ ಯಾರಾದರೊಬ್ಬ ಗೇಟಿನ ಹೊರಗೆ ನಿಂತು, ಗಾಡಿ ಮಾರುತ್ತೀರಾ ಎಂದು ಕೇಳುತ್ತಾನೆ. ಅಡುಗೆಮನೆಯ ಕಿಟಕಿಯಿಂದ ಉತ್ತರ ಬರುತ್ತದೆ.

"ಆಟಿಯಲ್ಲಿ ನಾವು ಗಾಡಿ ಮಾರುವುದಿಲ್ಲ."

"ಸೋಣದಲ್ಲಿ ಬರ್ಲಾ ಅಕ್ಕ?"

"ಸೋಣದಲ್ಲಿಯೂ ಇಲ್ಲ."

ನನ್ನ ಎದೆಯ ಮುಚ್ಚಳವನ್ನು ಮತ್ತೆ ಹಾಕಲು ಅವಳು ಬಿಡಲಿಲ್ಲ. ಆ ತೂತು ಹಾಗೆಯೇ ಬಾಯಿ ತೆರೆದಿದೆ. ಬನಿಯನ್ನನ್ನು ಅವಳು ಎಸೆಯಲಿಲ್ಲ, ಬಟ್ಟೆ ಎಸೆದು ಅಭ್ಯಾಸವಿಲ್ಲ ಅವಳಿಗೆ. ಸೋಪು ಹಾಕಿ ಕುದಿಸಿ ಒಗೆದು ಬಿಸಿಲಿಗೆ ಹಾಕಿದಳು. ಇಂಚರ ಅದನ್ನು ಚೆಂದವಾಗಿ ಮಡಿಸಿ ಆ ತೂತಿನೊಳಗೆ ಹಾಸಿ, ತನ್ನ ಗೊಂಬೆಯನ್ನು ಮಲಗಿಸಿದಳು. ಅವಳು ದೊಡ್ಡವಳಾಗುತ್ತಿದ್ದಾಳೆ, ಗೊಂಬೆಯನ್ನು ಮರೆತಿದ್ದಾಳೆ. ಗೊಂಬೆ ಮಲಗಿಯೇ ಇದೆ.

ಹೀಗೆ ನನ್ನ ಎದೆಯಲ್ಲಿ ಮತ್ತೆ ಮಡಿಸಿದ ಬಟ್ಟೆಯೊಂದು ಬಂದು ಕೂತಿದೆ. ಇದು ಯಾರನ್ನೂ ಉಳಿಸಲಾರದು. ಆದರೆ ಇದು ಬರೀ ಬಟ್ಟೆ ಎಂದು ಈಗ ಬಾಗಿಲು ತೆರೆದವರೆಲ್ಲರಿಗೂ ಕಾಣುತ್ತದೆ.